ಬೂದಿ ಗೆರೆಯ ಖೋಖೋ ಅಂಕಣ

ನಾನು ಪಿ.ಟಿ. ಪೀರಿಯಡ್ಡುಗಳನ್ನು ಕದ್ದವಳು. ಅಫಜಲಪುರದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದೆ. ಆ ಮೂವತ್ತು ವರ್ಷವೂ ಕದ್ದೆ. ಆಗ ಅದಕ್ಕೆ ಅಡ್ಜಸ್ಟ್‌ಮೆಂಟ್ ಎನ್ನುತ್ತಿದ್ದೆವು. ಡಿಸೆಂಬರ್ ಬಂದರೂ ಸಿಲೆಬಸ್ ಮುಗಿದಿರುತ್ತಿರಲಿಲ್ಲ. ಹತ್ತನೇ ಕ್ಲಾಸಿನ ಟೈಮ್‌ಟೇಬಲ್ಲಿನಲ್ಲಿ ವಾರಕ್ಕೆರಡು ಸಲ, ದಿನದ ಕೊನೆಗೆ ಬರೆದಿರುತ್ತಿದ್ದ ಆ ಎರಡು ಅಕ್ಷರಗಳು ನನ್ನ ಕಣ್ಣಿಗೆ ಖಾಲಿ ಸೈಟಿನಂತೆ ಕಾಣುತ್ತಿದ್ದವು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಸರ್, ಇವತ್ತು ನಿಮ್ಮ ಪೀರಿಯಡ್ ನನಗೆ ಬಿಡ್ರಿ ಅಂದರೆ ಸಾಕು, ಪಿ.ಟಿ. ಮಾಸ್ತರರು ತಗೋರಿ ಮೇಡಂ ಎಂದು ಬೇವಿನ ಮರದ ಕೆಳಗೆ ಹೋಗಿ ಕೂಡುತ್ತಿದ್ದರು. ಅಲ್ಲಿಂದ ರಸ್ತೆ ಕಾಣುತ್ತಿತ್ತು. ಅಮವಾಸ್ಯೆಯಿದ್ದರೆ ಘತ್ತರಗಿಗೆ ದೇವಿಯ ದರ್ಶನಕ್ಕೆ ಹೋಗುವ ಜೀಪುಗಳನ್ನು ನೋಡುತ್ತ ಕೂಡುತ್ತಿದ್ದರು. ನಾನು ಒಳಗೆ ಆ್ಯಕ್ಟಿವ್ ವಾಯ್ಸನ್ನು ಪ್ಯಾಸಿವ್ ವಾಯ್ಸ್ ಮಾಡಿಸುತ್ತಿದ್ದೆ. ಆ ಮನುಷ್ಯ ಏನು ಕಲಿಸಬಲ್ಲವರಾಗಿದ್ದರು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಲೇ ಇಲ್ಲ.

ಡ್ರಿಲ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಆಳಂದದಿಂದ ನನ್ನನ್ನು ಆಗಿನ ಗುಲ್ಬರ್ಗಾದ ಕಾನ್ವೆಂಟ್ ಹಾಸ್ಟೆಲ್ಲಿಗೆ ತಂದುಬಿಟ್ಟಾಗ ಒಂಬತ್ತು ವರ್ಷ. ಶುಕ್ರವಾರ ಬಿಳಿ ಫ್ರಾಕು, ಬಿಳಿ ಕ್ಯಾನ್ವಾಸ್ ಶೂ. ಗುರುವಾರ ಸಂಜೆಯೇ ಸೀಮೆಸುಣ್ಣ ತೇಯ್ದು ಶೂಗಳಿಗೆ ಬಳಿದು ಕಿಟಕಿಯ ಮೇಲೆ ಸಾಲಾಗಿ ಒಣಗಲು ಇಡುತ್ತಿದ್ದೆವು. ಸಿಸ್ಟರ್ ಕೊರಳಲ್ಲಿ ಜಪಮಾಲೆಯ ಜೊತೆಗೇ ಒಂದು ಬೆಳ್ಳಗಿನ ವಿಸಲ್ ಇರುತ್ತಿತ್ತು. ಬ್ಯಾಕ್ಸ್ ಸ್ಟ್ರೇಟ್, ಗರ್ಲ್ಸ್. ಕೈ ಮೇಲೆ, ಕೈ ಮುಂದೆ, ಕೈ ಕೆಳಗೆ. ಓಡುವುದು ನಮ್ಮ ಡ್ರಿಲ್ಲಿನಲ್ಲಿ ಇರಲೇ ಇಲ್ಲ. ಒಮ್ಮೆ ನಾನು ಹಕ್ಕಿ ಹಿಡಿಯಲು ಸಾಲು ಬಿಟ್ಟು ಓಡಿದ್ದಕ್ಕೆ, ಒಳ್ಳೆಯ ಹುಡುಗಿಯರು ಬೆವರುವುದಿಲ್ಲ ಎಂದು ಸಿಸ್ಟರ್ ತಮ್ಮ ಕರ್ಚೀಫಿನಿಂದ ನನ್ನ ಹಣೆ ಒರೆಸಿದರು. ಕರ್ಚೀಫಿಗೆ ಲ್ಯಾವೆಂಡರಿನ ವಾಸನೆಯಿತ್ತು. ಆ ವಾಸನೆಗಾಗಿಯೇ ಇರಬೇಕು, ಆ ಮಾತನ್ನು ಅರವತ್ತು ವರ್ಷ ನಂಬಿದೆ.

ರಿಟೈರ್ ಆದ ಮೇಲೆ ಜೇವರ್ಗಿಯಲ್ಲಿ ತಂಗಿಯ ಮನೆಯ ಪಕ್ಕದಲ್ಲೇ ಮನೆ ಮಾಡಿದೆ. ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಹಳ್ಳಿಯೊಂದರ ಸರ್ಕಾರಿ ಹೈಸ್ಕೂಲಿನ ಹೆಡ್ ಮಾಸ್ತರರು ತಂಗಿಯ ಗಂಡನಿಗೆ ಪರಿಚಯ. ಇಂಗ್ಲಿಷ್ ಪೋಸ್ಟ್ ಖಾಲಿ ಬಿದ್ದಿದೆ, ವಾರಕ್ಕೆ ಮೂರು ದಿನ ಬಂದು ಹೋಗ್ರಿ, ಪುಣ್ಯ ಬರ್ತದ ಎಂದು ಅವರು ಕೇಳಿದರು. ಪುಣ್ಯಕ್ಕಿಂತ ಚಾಕ್‌ಪೀಸಿನ ಆಸೆಗೆ ಒಪ್ಪಿಕೊಂಡೆ. ಹೋದ ವರ್ಷ ಜುಲೈ ತಿಂಗಳ ಮಾತು. ನನಗಾಗ ಎಪ್ಪತ್ತಮೂರು.

ಹೋದ ಎರಡನೇ ವಾರಕ್ಕೇ ಹಳೆಯ ಚಟ ಕೆರಳಿತು. ಮಕ್ಕಳಿಗೆ ಟೆನ್ಸ್ ಬರುತ್ತಿರಲಿಲ್ಲ, ಟೈಮ್‌ಟೇಬಲ್ಲಿನಲ್ಲಿ ಪಿ.ಟಿ. ಇತ್ತು. ಈ ಶಾಲೆಯ ಪಿ.ಟಿ. ಟೀಚರ್ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ನಮ್ಮ ಆಳಂದದವಳೇ, ಮುಸಲ್ಮಾನರ ಮನೆತನ. ಕಮೀಜಿನ ಕೆಳಗೆ ಟ್ರ್ಯಾಕ್ ಪ್ಯಾಂಟು, ಓಢಣಿಯನ್ನು ಹೆಗಲಿಂದ ಸೊಂಟಕ್ಕೆ ಅಡ್ಡ ಬಿಗಿದು ಗಂಟು, ಕರಿ ದಾರದಲ್ಲಿ ವಿಸಲ್. ನಾನು ಕೇಳಲು ಹೋದಾಗ ಅವಳು ಬಿಸಿಯೂಟದ ಮೊಟ್ಟೆ ಹಂಚುತ್ತಿದ್ದಳು. ಮೊಟ್ಟೆ ಹಂಚುವುದು, ಪ್ರಾರ್ಥನೆಯ ಸಾಲು, ಗಲಾಟೆ ಮಾಡಿದವರ ಕಿವಿ, ಹೆಣ್ಣುಮಕ್ಕಳ ಟಾಯ್ಲೆಟ್ಟಿಗೆ ನೀರು ಹೊರಿಸುವುದು, ಯಾರಾದರೂ ರಜೆ ಹಾಕಿದರೆ ಅವರ ಕ್ಲಾಸು, ಎಲ್ಲವೂ ಅವಳದೇ. ಅದರ ಮೇಲೆ ವಾರಕ್ಕೆರಡು ದಿನ ಇನ್ನೊಂದು ಶಾಲೆಗೆ ಡೆಪ್ಯುಟೇಶನ್. ನಾನು ನನ್ನ ಪುರಾತನ ವಾಕ್ಯವನ್ನು ಹೇಳಿದೆ. ಅವಳು ಮೊಟ್ಟೆಯ ಬುಟ್ಟಿ ಕೆಳಗಿಟ್ಟು, ತಗೋರಿ ಮೇಡಂ ಅನ್ನಲಿಲ್ಲ.

"ಕೊಡ್ತಿದ್ದೆರಿ," ಅಂದಳು. "ಆದ್ರ ಈ ಸಲ ಹುಡುಗ್ಯಾರ ಖೋಖೋ ಟೀಮ್ ತಾಲೂಕಿಗೆ ಒಯ್ಬೇಕಂತ ಮಾಡೇನಿ. ಈ ಸಾಲ್ಯಾಗ ಇಲ್ಲಿತನಕ ಹೆಣ್ಣುಮಕ್ಕಳ ಟೀಮ್ ಹೋಗೇ ಇಲ್ರಿ. ನನಗ ಒಂಬತ್ತು ಮಂದಿ ಹುಡುಗ್ಯಾರು ಸಿಕ್ಕಾರ, ಬರಾಬರಿ ಒಂಬತ್ತು. ಒಂದು ಪೀರಿಯಡ್ ಹೋದ್ರ ಒಬ್ಬಾಕಿ ಹೋಗ್ತಾಳ."

ಖೋಖೋಗೆ ಒಂಬತ್ತು ಜನ ಬೇಕು. ಎಂಟು ಮಂದಿ ಅಂಕಣದ ನಡುಗೆರೆಯ ಮೇಲೆ ಒಬ್ಬರು ಆಚೆ ಮುಖ, ಒಬ್ಬರು ಈಚೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂಡುತ್ತಾರೆ, ಒಂಬತ್ತನೆಯವಳು ಬೆನ್ನಟ್ಟುತ್ತಾಳೆ. ಬೆನ್ನಟ್ಟುವವಳು ದಣಿದಾಗ ಕುಳಿತವಳ ಬೆನ್ನು ಮುಟ್ಟಿ ಖೋ ಎಂದರೆ ಆಕೆ ಎದ್ದು ಓಡಬೇಕು. ಇಷ್ಟನ್ನೂ ನಾನು ಆ ವರ್ಷವೇ ಕಲಿತೆ. ಹನ್ನೆರಡು ಜನರ ಹೆಸರು ಬರೆಸಬಹುದಂತೆ. ಅವಳ ಹತ್ತಿರ ಒಂಬತ್ತರ ಮೇಲೆ ಒಬ್ಬಳೂ ಇರಲಿಲ್ಲ. ಆ ಒಂಬತ್ತು ಜನರನ್ನು ಕೂಡಿಸಲು ಅವಳು ಮನೆ ಮನೆಗೆ ಹೋಗಿದ್ದಳು. ಟ್ರ್ಯಾಕ್ ಪ್ಯಾಂಟ್ ಹಾಕಬೇಕಾ ಎಂದು ಕೇಳಿದ ತಂದೆಗೆ, ನನ್ನ ನೋಡ್ರಿ, ನಮ್ಮ ಮನ್ಯಾಗೂ ಅಬ್ಬಾ ಇದ್ದಾರ ಅಂದಿದ್ದಳಂತೆ. ನನ್ನ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ವಾಪಸ್ ಬಂದೆ. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ತಾಲೂಕು ಕ್ರೀಡಾಕೂಟ ಸೆಪ್ಟೆಂಬರಿನ ಮೊದಲ ವಾರ. ನಮ್ಮ ಕಡೆ ಹೆಸರು ಬೆಳೆಯ ಸುಗ್ಗಿಯೂ ಅದೇ ಹೊತ್ತಿಗೆ. ಹೊಲವೆಲ್ಲ ಎರೆಮಣ್ಣು, ಎರಡು ಹನಿ ಬಿದ್ದರೆ ಕಾಲು ಹುಗಿಯುತ್ತದೆ. ಕಿತ್ತು ತಂದ ಹೆಸರನ್ನು ಬಿಸಿಲಿರುವಷ್ಟರಲ್ಲಿ ಗಟ್ಟಿ ನೆಲದ ಮೇಲೆ ಹರವದಿದ್ದರೆ ಕಾಯಿಯೊಳಗೇ ಮೊಳಕೆ ಒಡೆಯುತ್ತದೆ. ಊರಲ್ಲಿ ಗಟ್ಟಿ ನೆಲವೆಂದರೆ ಡಾಂಬರು ರಸ್ತೆ, ಅದು ಬಿಟ್ಟರೆ ಶಾಲೆಯ ಗರಸು ಮಣ್ಣಿನ ಮೈದಾನ. ಅದಕ್ಕೆ ಕಂಪೌಂಡಿಲ್ಲ. ಪ್ರತಿ ವರ್ಷ ಆಗಸ್ಟ್ ಹದಿನೈದರ ಧ್ವಜ ಇಳಿದ ಮರುವಾರವೇ ಮೈದಾನ ಕಣವಾಗುತ್ತಿತ್ತು. ಟೀಚರ್ ಸುಣ್ಣದ ಪುಡಿಯಿಂದ ಗೆರೆ ಹಾಕುತ್ತಿದ್ದಳಂತೆ, ಟ್ರ್ಯಾಕ್ಟರುಗಳು ಅದರ ಮೇಲೇ ಬರುತ್ತಿದ್ದವಂತೆ. ಬೈದವರಿಲ್ಲ, ಜಗಳಾಡಿದವರಿಲ್ಲ. ಆಟದ ಗೆರೆ ಅವರ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ, ಅಷ್ಟೆ. ನನ್ನ ಕಣ್ಣಿಗೆ ಪಿ.ಟಿ. ಪೀರಿಯಡ್ ಕಾಣದ ಹಾಗೆ.

ಆ ವರ್ಷ ಸುಣ್ಣದ ಪುಡಿಯೂ ಇರಲಿಲ್ಲ. ಇದ್ದ ಒಂದು ಚೀಲವನ್ನು ಹೆಡ್ ಮಾಸ್ತರರು ಸ್ವಾತಂತ್ರ್ಯ ದಿನದಂದು ಧ್ವಜಕಟ್ಟೆಯ ಸುತ್ತ ಭಾರತದ ನಕಾಶೆ ಬರೆಸಲು ಖರ್ಚು ಮಾಡಿದ್ದರು. ನಕಾಶೆ ಚೆನ್ನಾಗಿ ಬಂದಿತ್ತು, ಅದನ್ನು ಹೇಳಬೇಕು. ಟೀಚರ್ ಬಸ್ ಸ್ಟ್ಯಾಂಡಿನ ಭಜಿ ಹೋಟೆಲ್ಲಿನಲ್ಲಿ ಒಲೆಯ ಬೂದಿ ಕೇಳಿ ತಂದಳು. ಜಾಲಿ ಕಟ್ಟಿಗೆಯ ಬೂದಿ, ಹಿಟ್ಟಿನಷ್ಟು ಬೆಳ್ಳಗೆ. ಮುಂಜಾನೆ ಪ್ರಾರ್ಥನೆಗೆ ಮೊದಲೇ ಬಂದು ಹುಡುಗಿಯರ ಕೈಯಲ್ಲಿ ಹಗ್ಗ ಹಿಡಿಸಿ, ಅಂಕಣದ ನಾಲ್ಕೂ ಕಡೆ ಬೂದಿಯ ಗೆರೆ ಎಳೆದಳು. ಎರಡು ಕಂಬ ನೆಟ್ಟಳು. ಕಂಬ ಹಿಡಿದು ತಿರುಗುವಾಗ ಸಿಬಿರು ಚುಚ್ಚದಿರಲೆಂದು ತನ್ನದೇ ಹಳೆಯ ಕೆಂಪು ಓಢಣಿಯನ್ನು ಎರಡು ತುಂಡು ಮಾಡಿ ಎರಡಕ್ಕೂ ಸುತ್ತಿದಳು.

ಅಂದು ಮಧ್ಯಾಹ್ನ ಮೊದಲ ಟ್ರ್ಯಾಕ್ಟರ್ ಬಂತು. ಮೈದಾನದ ಅಂಚಿಗೆ ಬಂದು ನಿಂತಿತು. ಇಳಿದವರು ಗೆರೆ ನೋಡಿದರು, ಕಂಬ ನೋಡಿದರು, ತಮ್ಮೊಳಗೇ ಏನೋ ಮಾತಾಡಿಕೊಂಡು, ಸುತ್ತು ಹಾಕಿ ಶಾಲೆಯ ಹಿಂದಿನ ಇಕ್ಕಟ್ಟಿನ ಜಾಗದಲ್ಲಿ ಹೆಸರು ಇಳಿಸಿದರು. ಮರುದಿನ ಮತ್ತೆ ಎರಡು ಬಂಡಿ ಬಂದವು. ಅವೂ ಗೆರೆಯ ಹೊರಗೇ. ತಲೆಯ ಮೇಲೆ ಗಂಟು ಹೊತ್ತ ಹೆಣ್ಣುಮಕ್ಕಳು ನೆಟ್ಟಗೆ ದಾಟಿದ್ದರೆ ಹತ್ತು ಹೆಜ್ಜೆ. ಅವರು ಮೈದಾನವೆಲ್ಲ ಬಳಸಿಕೊಂಡು ಹೋದರು. ಗೆರೆಯ ಹತ್ತಿರ ಬಂದಾಗ ದನಿಯನ್ನೂ ತಗ್ಗಿಸುತ್ತಿದ್ದರು. ಟೀಚರ್‌ಗೆ ನಂಬಲಾಗಲಿಲ್ಲ. ಐದು ವರ್ಷದಾಗ ಮೊದಲ ಸಲ ಜನ ನನ್ನ ಕೋರ್ಟಿಗೆ ಮರ್ಯಾದಿ ಕೊಟ್ರು ನೋಡ್ರಿ ಮೇಡಂ ಎಂದು ನನ್ನೆದುರು ನಕ್ಕಳು. ಮೂರು ದಿನ ಆ ಒಂಬತ್ತು ಹುಡುಗಿಯರು ಇಡೀ ಅಂಕಣದಲ್ಲಿ ಓಡಿದರು.

ನನಗೆ ಎರಡನೇ ದಿನವೇ ತಿಳಿದಿತ್ತು. ನಾನು ಕಾನ್ವೆಂಟಿನ ಹುಡುಗಿಯಾಗಿರಬಹುದು, ಆದರೆ ಆಳಂದದ ಒಕ್ಕಲುತನದ ಮನೆಯವಳು. ಕಣದಲ್ಲಿ ಕಾಳಿನ ರಾಶಿ ಮಾಡುವಾಗ ಅದರ ಸುತ್ತ ಬೂದಿಯ ಗೆರೆ ಎಳೆಯುತ್ತಾರೆ. ನಡುವೆ ಮೇಟಿ ಎನ್ನುವ ಕಂಬವಿರುತ್ತಿತ್ತು, ಅದಕ್ಕೆ ಪೂಜೆ. ಗೆರೆ ಹಾಕಿದವರೇ ಪೂಜೆ ಮಾಡಿ ಅಳಿಸುವ ತನಕ ಬೇರೆಯವರು ಅದನ್ನು ದಾಟುವುದಿಲ್ಲ, ಹತ್ತಿರ ನಿಂತು ಜೋರಾಗಿ ಮಾತಾಡುವುದಿಲ್ಲ, ಯಾರದು, ಎಷ್ಟು ಎಂದು ಕೇಳುವುದಿಲ್ಲ. ರಜೆಗೆ ಬಂದಾಗ ಒಮ್ಮೆ ನಾನು ಆ ಬಿಳಿ ಶೂಗಳನ್ನು ಹಾಕಿಕೊಂಡೇ ಗೆರೆ ದಾಟಿಬಿಟ್ಟಿದ್ದೆ. ನನ್ನಜ್ಜಿ ಬೈಯಲಿಲ್ಲ, ರಾಶಿಗೆ ಕೈಮುಗಿದು, ಕೂಸು, ತಿಳೀಲಿಲ್ಲ ಎಂದು ಕಾಳಿಗೇ ಕ್ಷಮೆ ಕೇಳಿದಳು. ಬೈದಿದ್ದರೆ ಮರೆತಿರುತ್ತಿದ್ದೆ.

ಟೀಚರ್ ಆಳಂದದ ಪೇಟೆಯವಳು. ಅವರದು ಬಟ್ಟೆಯ ವ್ಯಾಪಾರದ ಮನೆ. ಅವಳು ಕಣ ಕಂಡವಳಲ್ಲ. ಊರಿನವರು ಬೂದಿಯ ಗೆರೆ, ಕೆಂಪು ಬಟ್ಟೆ ಸುತ್ತಿದ ಕಂಬ ನೋಡಿ, ಯಾರದೋ ದೊಡ್ಡ ರಾಶಿ ಇಲ್ಲಿ ಇಳಿಯುವುದಿದೆ ಎಂದುಕೊಂಡಿದ್ದರು. ಗೆರೆ ಎಳೆದ ಹುಡುಗಿಯರೇ ಒಳಗೆ ಓಡುವುದನ್ನು, ರಾಶಿ ಬರುವ ತನಕದ ಕಾವಲೆಂದು ತಿಳಿದಿದ್ದರು. ಯಾರದೆಂದು ಕೇಳಬಾರದಲ್ಲ, ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಆ ಹುಡುಗಿಯರು ಓಡುವುದನ್ನು ನೋಡುವ ರುಚಿ ನನಗೆ ಹತ್ತಿತ್ತು. ನನ್ನ ಪಾಠದ ದಿನವಲ್ಲದಿದ್ದರೂ ಬಂದು, ಕಿಟಕಿಯ ಪಕ್ಕ ನಿಂತು ಪಾಠ ಮಾಡುವ ನೆಪದಲ್ಲಿ ನೋಡುತ್ತಿದ್ದೆ. ಬರಿಗಾಲು, ಮಡಚಿದ ಚೂಡಿದಾರ, ಹಣೆಯ ಬೆವರು ಗದ್ದಕ್ಕಿಳಿದು ತೊಟ್ಟಿಕ್ಕುತ್ತಿತ್ತು. ಕುಳಿತವಳು ಖೋ ಕೇಳಿದೊಡನೆ ಏಳುವುದು ಏಳುವುದಲ್ಲ, ನೆಲವೇ ಅವಳನ್ನು ಮೇಲಕ್ಕೆ ಎಸೆಯುವುದು. ಇಷ್ಟೊಂದು ಓಟ ಹೆಣ್ಣುಮಕ್ಕಳ ಮೈಯೊಳಗೆ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ನಾಲ್ಕನೇ ದಿನ ಮುಂಜಾನೆ ಮೋಡ ಮುಸುಕಿತ್ತು. ಹಿಂದಿನ ಸಂಜೆ ಒಂದು ಮಳೆ ಬಿದ್ದಿತ್ತು. ಅಂಕಣದ ಅಂಚಿಗೆ ಒಬ್ಬ ಅಜ್ಜಿ ಬಂದು ನಿಂತಿದ್ದಳು. ಚಪ್ಪಲಿ ಕೈಯಲ್ಲಿ, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಹಿಂದೆ ರಸ್ತೆಯಲ್ಲಿ ಅವಳ ಟ್ರ್ಯಾಕ್ಟರ್, ತುಂಬ ತೊಯ್ದ ಹೆಸರು. ಅವಳ ಮೊಮ್ಮಗಳು ಆ ಒಂಬತ್ತು ಹುಡುಗಿಯರಲ್ಲಿ ಒಬ್ಬಳು, ಉದ್ದ ಜಡೆಯವಳು, ಎಲ್ಲರಿಗಿಂತ ಬಿರುಸಿನವಳು. ಅಜ್ಜಿ ಬಹಳ ಹೊತ್ತು ನಿಂತಳು. ಕೇಳಬಾರದ್ದನ್ನು ಕೇಳಲು ಅವಳಿಗೆ ಅಷ್ಟು ಹೊತ್ತು ಬೇಕಾಯಿತು.

"ಅಕ್ಕೋರ, ತಪ್ಪ ತಿಳೀಬ್ಯಾಡ್ರಿ," ಅಂದಳು ಟೀಚರ್‌ಗೆ. "ಇಲ್ಲಿ ರಾಶಿ ಯಾರ್ದು ಬರೂದದ? ಇವತ್ತು ಬರೂದಿಲ್ಲಂದ್ರ ನಂದು ಎರಡು ತಾಸು ಹರವಿ ತಕ್ಕೊಂತೇನಿ."

ಟೀಚರ್ ಅರ್ಥವಾಗದೆ ನನ್ನ ಮುಖ ನೋಡಿದಳು. ನಾನು ಅವಳನ್ನು ವರಾಂಡಕ್ಕೆ ಕರೆದು ಗೆರೆಯ ವಿಷಯವನ್ನೆಲ್ಲ ಹೇಳಿದೆ. ಹೇಳಿ, ಇದನ್ನೂ ಹೇಳಿದೆ: ಸುಮ್ಮನಿರು. ಇನ್ನು ಎಂಟು ದಿನದ ಮಾತು. ಇವತ್ತು ಸಂಜೆ ಬರುತ್ತದೆ ಎಂದುಬಿಡು, ನಾಳೆ ನಾಳೆ ಎನ್ನು. ಇಟ್ ಇಸ್ ಓನ್ಲಿ ಅ ವೈಟ್ ಲೈ. ನನ್ನ ಬಾಯಿಂದಲೇ ಬಂತು ಈ ಮಾತು, ಸಿಸ್ಟರುಗಳ ಕೈಯಲ್ಲಿ ಬೆಳೆದ ನನ್ನ ಬಾಯಿಂದ. ಗೆರೆ ಹೋದರೆ ಅಂಕಣ ಹೋಯಿತು, ಅಂಕಣ ಹೋದರೆ ಟೀಮ್ ಹೋಯಿತು ಎಂಬುದು ಇಬ್ಬರಿಗೂ ಗೊತ್ತಿತ್ತು.

ಅವಳು ವಿಸಲ್ಲಿನ ದಾರವನ್ನು ಬೆರಳಿಗೆ ಸುತ್ತುತ್ತ ನಿಂತಳು. "ಗೆರಿ ದಾಟಿದ್ರ ಫೌಲ್ ಅಂತ ಹುಡುಗ್ಯಾರಿಗೆ ದಿನಾ ಬೈತೇನ್ರಿ ಮೇಡಂ," ಅಂದಳು. "ಇವರು ಮೂರು ದಿನದಿಂದ ಹಸಿ ಹೆಸರು ಇಟ್ಕೊಂಡೂ ದಾಟಿಲ್ಲ. ಇವರಿಗಿ ನಾ ಹ್ಯಾಂಗ ಸುಳ್ಳ ಹೇಳ್ಲಿ?"

ಮೈದಾನಕ್ಕೆ ಇಳಿದಳು. ಶೂ ಬಿಚ್ಚಿಟ್ಟಳು, ಅದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನಾನು ಹೇಳಿರಲಿಲ್ಲ, ಅವಳಿಗೇ ತೋಚಿತು. ಅಜ್ಜಿಯ ಎದುರಿಗೇ ಅಂಗಾಲಿನಿಂದ ಬೂದಿಯನ್ನು ಅಳಿಸುತ್ತ ಹೋದಳು. ಇದು ರಾಶಿದಲ್ಲ ಆಯಿ, ಆಟದ್ದು, ತಿಳೀದ ಹಾಕೇನಿ, ಬರ್ರಿ ಅಂದಳು. ಅಜ್ಜಿ ಚಪ್ಪಲಿಯನ್ನು ಗೆರೆಯಿದ್ದ ಜಾಗದ ಹೊರಗಿಟ್ಟು ಒಳಗೆ ಬಂದಳು. ಒಂದು ತಾಸಿನಲ್ಲಿ ಸುದ್ದಿ ಊರೆಲ್ಲ ಹರಡಿತು. ಮಧ್ಯಾಹ್ನದ ಹೊತ್ತಿಗೆ ಮೈದಾನದ ತುಂಬ ಹಸಿ ಹೆಸರಿನ ಬಳ್ಳಿ. ಎರಡು ಕಂಬಗಳು ಮಾತ್ರ ಕೆಂಪು ಬಟ್ಟೆ ಸುತ್ತಿಕೊಂಡು ಅದರ ನಡುವೆ ನಿಂತಿದ್ದವು. ಹೆಡ್ ಮಾಸ್ತರರು ಕಿಟಕಿಯಿಂದ ನೋಡಿ, ಹೋಗ್ಲಿ ಬಿಡ್ರಿ ಟೀಚರ್, ಮುಂದಿನ ವರ್ಷ ನೋಡೋಣು ಅಂದರು. ಅವರಿಗೆ ಬೇಸರವಿರಲಿಲ್ಲ, ಸಂತೋಷವೂ ಇರಲಿಲ್ಲ. ಒಂಬತ್ತು ಹುಡುಗಿಯರು ವರಾಂಡದ ಅಂಚಿಗೆ ಸಾಲಾಗಿ ಕೂತರು, ಪರೀಕ್ಷೆಯಲ್ಲಿ ನಪಾಸಾದವರಂತೆ.

ಆಮೇಲೆ ಆದದ್ದನ್ನು ಯಾರೂ ಪ್ಲ್ಯಾನ್ ಮಾಡಿರಲಿಲ್ಲ. ಹರವಿದ ಹೆಸರನ್ನು ಆಗಾಗ ಮೇಲೆ ಕೆಳಗೆ ಮಾಡಬೇಕು. ಅದಕ್ಕೆ ಅದರೊಳಗೆ ಬರಿಗಾಲಲ್ಲಿ ನಿಂತು, ಪಾದ ಎತ್ತದೆ, ನೆಲಕ್ಕೆ ಸವರಿಕೊಂಡೇ ಸಾಲು ಸಾಲಾಗಿ ನಡೆಯುತ್ತಾರೆ, ಕಾಲಾಡಿಸುವುದು ಎನ್ನುತ್ತಾರೆ. ಅಜ್ಜಿಯ ಕಾಲು ನೋಯುತ್ತಿತ್ತು. ಅವಳು ಮೊಮ್ಮಗಳ ಕಡೆ ತಿರುಗಿ, "ಏನ್ ಬೇ, ನಿಮ್ಮ ಅಕ್ಕೋರು ಜಾಗ ಕೊಟ್ಟಾರ, ನೀ ಕಾಲಾದ್ರೂ ಕೊಡು. ಮಾರಿ ಉಬ್ಬಿಸ್ಕೊಂಡು ಕುಂತ್ರ ಹೆಸರು ಒಣಗ್ತದನು?" ಅಂದಳು. ಮೊಮ್ಮಗಳು ಇಳಿದಳು, ಅವಳ ಹಿಂದೆ ಉಳಿದವರು. ಅವರು ಪಾದ ಸವರುತ್ತ, ಸೊಂಟ ತಗ್ಗಿಸಿ, ಒಬ್ಬರನ್ನೊಬ್ಬರು ಕೆಣಕುತ್ತ ಹೋಗುವುದನ್ನು ಟೀಚರ್ ನೋಡಿದಳು. ಆಮೇಲೆ ವಿಸಲ್ ಬಾಯಿಗಿಟ್ಟಳು.

ಅಂದಿನಿಂದ ಎಂಟು ದಿನ ಆ ಮೈದಾನದಲ್ಲಿ ನಡೆದದ್ದಕ್ಕೆ ನನ್ನ ಹತ್ತಿರ ಸರಿಯಾದ ಮಾತಿಲ್ಲ, ಇಂಗ್ಲಿಷಿನಲ್ಲೂ ಇಲ್ಲ. ತಾಸಿಗೊಮ್ಮೆ ಕಾಲಾಡಿಸುವ ಹೊತ್ತು ಬರುತ್ತಿತ್ತು. ಹುಡುಗಿಯರು ಹೆಸರಿನೊಳಗೆ ಎಂಟು ಕಡೆ ಕುಕ್ಕರಗಾಲಲ್ಲಿ ಕೂಡುತ್ತಿದ್ದರು. ಒಂಬತ್ತನೆಯವಳು ಅವರ ನಡುವೆ ಹಾವಿನಂತೆ ಆಚೆ ಈಚೆ, ಪಾದ ಸವರುತ್ತಲೇ, ಬಳ್ಳಿ ಹೊರಳಿಸುತ್ತಲೇ ಹೋಗಬೇಕು. ಒಂದು ಕಾಯಿಯೂ ತುಳಿತಕ್ಕೆ ಸಿಕ್ಕು ಒಡೆಯಬಾರದು. ಒಡೆದರೆ ಔಟು, ತೀರ್ಪು ಅಜ್ಜಿಯದು. ಅಜ್ಜಿ ಶಾಲೆಯ ಸ್ಟೂಲನ್ನು ನೆರಳಿಗೆ ಹಾಕಿಸಿಕೊಂಡು ಕೈಯಲ್ಲಿ ಜಾಲಿಯ ಕಡ್ಡಿ ಹಿಡಿದು ಕೂತಿರುತ್ತಿದ್ದಳು. ಏ ಕೋಣ, ಅದು ನಿನ್ನ ಕಾಲೋ ಒನಕೆಯೋ ಎಂದು ಕೂಗುತ್ತಿದ್ದಳು. ಮೂರನೇ ದಿನಕ್ಕೆ ಖೋ ಕೊಡುವುದು ತಡವಾದರೆ ತಾನೇ ಖೋ ಎನ್ನತೊಡಗಿದಳು. ಟೀಚರ್ ಹತ್ತಿರ ಹೋಗಿ, ಆಯಿ, ನೀವು ಖೋ ಅಂದ್ರ ಅದು ಫೌಲ್ರಿ ಎಂದು ಸಮಾಧಾನದಿಂದ ಹೇಳಿದರೆ, ಹಂಗಂದ್ರ ಲಗೂ ಲಗೂ ಅನ್ನಾಕ ಹೇಳ್ರಿ ಅವಕ್ಕ ಎನ್ನುತ್ತಿದ್ದಳು.

ತಾಸಿಗೊಮ್ಮೆ ಎಂದರೆ ಟೈಮ್‌ಟೇಬಲ್ಲಿನ ಪೀರಿಯಡ್ಡುಗಳು ಸಾಲುವುದಿಲ್ಲ. ನಾನು ಹೆಡ್ ಮಾಸ್ತರರ ಹತ್ತಿರ ಹೋಗಿ ನನ್ನ ಇಂಗ್ಲಿಷ್ ಪೀರಿಯಡ್ಡುಗಳನ್ನು ಕ್ರೀಡಾಕೂಟ ಮುಗಿಯುವ ತನಕ ಅವಳಿಗೆ ಬರೆದುಕೊಡಿ ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೇಕಾದರೆ ಇಂಗ್ಲಿಷಿನಲ್ಲೇ ಸ್ಕೋರ್ ಎಣಿಸುತ್ತಾರೆ ಬಿಡ್ರಿ ಅಂದೆ. ಹಾಗೆ ಹುಡುಗಿಯರಿಗೆ ಇಂಗ್ಲಿಷಿನಲ್ಲಿ ಒಂದರಿಂದ ಐವತ್ತು ಬಂದಿತು. ನನ್ನ ಟೆನ್ಸ್ ಬರಲಿಲ್ಲ.

ಕ್ರೀಡಾಕೂಟದ ದಿನ ಒಂಬತ್ತೂ ಹುಡುಗಿಯರು ಬಂದರು. ಅವರ ಜೊತೆ ಬರಲೆಂದೇ ನಾನು ಬೆಳಗಿನ ಬಸ್ಸಿಗೆ ಹಳ್ಳಿಗೆ ಹೋಗಿದ್ದೆ. ಟಂಟಂ ಗಾಡಿಯಲ್ಲಿ ಹನ್ನೊಂದು ಜನ ಕೂತು ಜೇವರ್ಗಿಗೆ ಹೋದೆವು. ಅಲ್ಲಿಯ ಗೇಟಿನಲ್ಲೇ ಒಂದು ಪಟ್ಟಿ ಅಂಟಿಸಿದ್ದರು. ಕೂಟ ನಡೆಸುವವರೂ ತಾಲೂಕಿನ ಪಿ.ಟಿ. ಶಿಕ್ಷಕರೇ, ಗೆರೆ ಹಾಕುವುದು, ವಿಸಲ್ ಊದುವುದು, ಸ್ಕೋರ್ ಬರೆಯುವುದು ಎಲ್ಲಕ್ಕೂ ಅವರದೇ ಡ್ಯೂಟಿ. ಟೀಚರ್‌ಗೆ ಮೈದಾನದ ಆ ತುದಿಯಲ್ಲಿ ಗಂಡುಹುಡುಗರ ವಾಲಿಬಾಲಿನ ಡ್ಯೂಟಿ ಹಾಕಿದ್ದರು, ಮುಂಜಾನೆಯಿಂದ ಕೊನೆಯ ಮ್ಯಾಚಿನ ತನಕ. ಅವಳು ಕೇಳಿ ನೋಡಿದಳು. ಎಲ್ಲರಿಗೂ ತಂತಮ್ಮ ಟೀಮ್ ಇದೆ, ಎಲ್ಲರೂ ಹೀಗೇ ಎಂದರು, ನಿಜವೇ ಇತ್ತು. ಹೆಣ್ಣುಮಕ್ಕಳ ಟೀಮಿನ ಜೊತೆ ಒಬ್ಬ ಹೆಂಗಸು ಮ್ಯಾನೇಜರ್ ಎಂದು ಕೂಡಲೇಬೇಕಿತ್ತು. ಅವಳು ನನ್ನ ಕೈಯಲ್ಲಿ ನೀರಿನ ಕ್ಯಾನು, ಹಳದಿ ಮುಲಾಮು, ಒಂದು ಸಹಿಯ ಕಾಗದ ಕೊಟ್ಟು ಹುಡುಗಿಯರ ತಲೆ ಒಂದೊಂದಾಗಿ ಮುಟ್ಟಿ ಹೊರಟುಹೋದಳು. ತಿರುಗಿ ನೋಡಲಿಲ್ಲ.

ಹೀಗೆ ನಾನು, ಜನ್ಮದಲ್ಲಿ ಓಡದವಳು, ಖೋಖೋ ಟೀಮೊಂದರ ಮ್ಯಾನೇಜರ್ ಆಗಿ ಬೆಂಚಿನ ಮೇಲೆ ಕುಳಿತೆ. ಎದುರಿನ ಟೀಮು ದೊಡ್ಡ ಶಾಲೆಯದು. ಬಣ್ಣದ ಜೆರ್ಸಿ, ಶೂ, ಬೆಂಚಿನ ಮೇಲೆ ಕಾದು ಕುಳಿತ ಮೂವರು ಬೇರೆ. ನಮ್ಮವರು ಬರಿಗಾಲು. ಮ್ಯಾಚಿನ ಲೆಕ್ಕ ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ತಿಳಿದದ್ದು ಆ ಕಾಲುಗಳು. ಉಳಿದ ಟೀಮುಗಳ ಹುಡುಗಿಯರು ದಡದಡ ಸದ್ದು ಮಾಡಿ ಓಡುತ್ತಿದ್ದರು. ನಮ್ಮವರ ಓಟಕ್ಕೆ ಸದ್ದೇ ಇರಲಿಲ್ಲ. ನೆಲ ಬಿಡದೆ, ಬಾಗಿ, ಜಾರಿದಂತೆ ಹೋಗುತ್ತಿದ್ದರು. ಬೆನ್ನ ಹಿಂದೆ ಬಂದದ್ದು ಎದುರಾಳಿಗೆ ತಿಳಿಯುತ್ತಲೇ ಇರಲಿಲ್ಲ. ಜನ ಸುತ್ತ ಕೂಡತೊಡಗಿದರು. ಆಗಾಗ ಮೈದಾನದ ಆ ತುದಿಯಿಂದ ನಮ್ಮ ಟೀಚರಿನ ವಿಸಲ್ ಕೇಳುತ್ತಿತ್ತು. ಅದು ಯಾರದೋ ಮಕ್ಕಳ ಆಟಕ್ಕೆ ಊದಿದ್ದು. ಆದರೂ ಕುಳಿತ ಹುಡುಗಿಯರ ಬೆನ್ನು ಒಮ್ಮೆ ನೆಟ್ಟಗಾಗುತ್ತಿತ್ತು.

ಕೊನೆಯ ಸರದಿಯಲ್ಲಿ ಬೆನ್ನಟ್ಟುವವರು ನಾವು. ಒಬ್ಬಳನ್ನು ಹಿಡಿದರೆ ಸರಿಸಮ, ಅರ್ಧ ನಿಮಿಷವೋ ಏನೋ ಉಳಿದಿತ್ತು. ಅಜ್ಜಿಯ ಮೊಮ್ಮಗಳು ಎದ್ದಳು. ಎದುರಿನ ಹುಡುಗಿ ಕಂಬದ ಕಡೆ ಓಡಿದಳು. ಇವಳು ಕಂಬ ಹಿಡಿದು ಮೈಯನ್ನೇ ಗಾಳಿಗೆ ಎಸೆದು ಕೈ ಚಾಚಿದಳು. ಆ ಹುಡುಗಿಯ ಬೆನ್ನಿಗೂ ಇವಳ ಬೆರಳಿಗೂ ನಡುವೆ ಒಂದು ಗೇಣು ಬೆಳಕು ಇತ್ತು. ವಿಸಲ್ ಆಯಿತು. ಒಂದು ಪಾಯಿಂಟಿನಿಂದ ಸೋತೆವು. ಸೋತವರು ಮನೆಗೆ ಎಂಬುದು ಅಲ್ಲಿಯ ನಿಯಮ.

ಹುಡುಗಿಯರು ಅತ್ತರು. ನಾನೂ ಅತ್ತೆ, ಮ್ಯಾನೇಜರ್ ಅಳಬಾರದೋ ಏನೋ. ಮೊಣಕಾಲಿನ ಗಾಯಗಳಿಗೆ ಮುಲಾಮು ಹಚ್ಚಿದೆ. ವಾಲಿಬಾಲ್ ಮುಗಿಯುವ ತನಕ ಬೇವಿನ ನೆರಳಲ್ಲಿ ಕಾದೆವು. ಬಿಸಿಲು ಇಳಿಮುಖವಾದಾಗ ಟೀಚರ್ ಮೈದಾನ ದಾಟಿ ಬಂದಳು, ಧೂಳಿನಿಂದ ಹುಬ್ಬು ಬೆಳ್ಳಗಾಗಿತ್ತು. ಸ್ಕೋರ್ ಅವಳಿಗೆ ಯಾರೋ ಹೇಳಿದ್ದರು. ಮೊದಲು ಎಲ್ಲರ ಕಾಲು ನೋಡಿದಳು. ಆಮೇಲೆ ನನ್ನ ಪಕ್ಕ ಕುಳಿತು, ಹ್ಯಾಂಗ ಆಡಿದ್ರು ಹೇಳ್ರಿ ಮೇಡಂ ಅಂದಳು. ಒಂದು ನಿಮಿಷವೂ ಅವಳು ನೋಡಿರಲಿಲ್ಲ.

ನಾನು ಹೇಳಲು ಹೋದೆ. ಮೂವತ್ತು ವರ್ಷ ಮಕ್ಕಳಿಗೆ ಡಿಸ್ಕ್ರೈಬ್ ಅ ಮ್ಯಾಚ್ ಎಂದು ಎಸ್ಸೇ ಬರೆಸಿದವಳು. ಚೆನ್ನಾಗಿ ಆಡಿದರು ಎಂಬುದರ ಆಚೆ ನನ್ನ ಬಾಯಿಂದ ಏನೂ ಹೊರಡಲಿಲ್ಲ. ಆಗ ಉದ್ದ ಜಡೆಯ ಹುಡುಗಿ ಎದ್ದಳು. "ಟೀಚರ್, ನೀವು ಇಲ್ಲೇ ಕೂಡ್ರಿ," ಅಂದಳು. "ನಾವು ಆಡಿ ತೋರಸ್ತೇವಿ."

ಖಾಲಿಯಾಗಿದ್ದ ಅಂಕಣಕ್ಕೆ ಒಂಬತ್ತೂ ಜನ ಹೋದರು. ಒಬ್ಬಳು ಎದುರಾಳಿಯಾಗಿ ಓಡಿದಳು, ಉಳಿದವರು ಕುಳಿತರು, ಸರದಿ ಬಂದಾಗ ಬದಲಾದರು. ಮೊದಲಿನಿಂದ ಹಿಡಿದರು. ಎಲ್ಲಿ ಯಾರು ಎಡವಿದಳೋ ಅಲ್ಲೇ ಎಡವಿದಳು. ಎಲ್ಲಿ ಔಟಾದಳೋ ಅಲ್ಲೇ ನಿಂತು ಬೆನ್ನು ಮುಟ್ಟಿಸಿಕೊಂಡಳು. ಖೋ ತಡವಾದದ್ದನ್ನು ತಡವಾಗಿಯೇ ಕೊಟ್ಟರು. ಬೆಳಗ್ಗೆ ನನಗೆ ತಿಳಿಯದ ಅರ್ಧವೆಲ್ಲ ಈಗ ತಿಳಿಯಿತು. ಆ ಒಂಬತ್ತು ತಲೆಗಳಲ್ಲಿ ಇಡೀ ಮ್ಯಾಚು, ಒಂದು ಹೆಜ್ಜೆ ಬಿಡದೆ, ಹೇಗೆ ಕುಳಿತಿತ್ತು ಎಂದು ನಾನು ಬೆರಗಾಗಿ ನೋಡಿದೆ. ನಾನು ಕೊಟ್ಟ ಒಂದು ಪದ್ಯವನ್ನೂ ಯಾವ ಕ್ಲಾಸೂ ಹೀಗೆ ಇಟ್ಟುಕೊಂಡಿರಲಿಲ್ಲ. ಟೀಚರ್ ಮೊಣಕಾಲಿಗೆ ಕೈ ಕಟ್ಟಿ ಕುಳಿತಿದ್ದಳು. ಅವಳು ಮೈದಾನದಲ್ಲಿ ಕುಳಿತದ್ದನ್ನು ನಾನು ಕಂಡದ್ದು ಅದೇ ಮೊದಲು.

ಕೊನೆಯ ಓಟ ಬಂತು. ಎದುರಾಳಿಯಾದ ಗೆಳತಿ ಕಂಬದ ಕಡೆ ಓಡಿದಳು, ಸ್ವಲ್ಪ ಸಾವಕಾಶವಾಗಿಯೇ ಓಡಿದಳು. ಬೇಕಿದ್ದರೆ ಮುಟ್ಟಬಹುದಿತ್ತು. ಅಜ್ಜಿಯ ಮೊಮ್ಮಗಳು ಕಂಬ ಹಿಡಿದು ಮೈ ಎಸೆದು, ಕೈ ಚಾಚಿ, ಒಂದು ಗೇಣು ಬಿಟ್ಟು ನಿಲ್ಲಿಸಿದಳು. ಇಷ್ಟೇ ಟೀಚರ್, ಇಷ್ಟು ಕಮ್ಮಿ ಬಿತ್ತು ಎಂದು ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ತೋರಿಸಿದಳು.

ರಸ್ತೆಯಲ್ಲಿ ಟಂಟಂ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಟೀಚರ್ ಎದ್ದು ಕಂಬದ ಹತ್ತಿರ ಹೋದಳು. ಕುಕ್ಕರಿಸಿ, ಹುಡುಗಿಯ ಎಡಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಇದ್ದ ಜಾಗದಿಂದ ನಾಲ್ಕು ಬೆರಳು ಮುಂದಕ್ಕಿಟ್ಟಳು. ಚಾಚಿದ ಕೈಯನ್ನು ಒಮ್ಮೆ ನೋಡಿದಳು, ಇನ್ನೆರಡು ಬೆರಳು ಸರಿಸಿದಳು.

"ಈಗ ಮೈ ಎಸಿ," ಅಂದಳು.